ಸ್ವಯಂಸೇವಕರು ಕಟ್ಟಿದ ಸಂವಾದ ಜಾಲ: ಒಡೆತನದ ಪ್ರಶ್ನೆ ಮತ್ತು ಸಂಘ ಸಂಸ್ಥೆಗಳಿಗೆ ಪಾಠ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಆಡುಭಾಷೆಯಾದ ತುಳುವಿನ ವಿಕಿಪೀಡಿಯವು 2016ರ ಆಗಸ್ಟ್ ತಿಂಗಳಲ್ಲಿ ಆರಂಭಗೊಂಡಿತು. ಕನ್ನಡ ಮತ್ತು ತುಳು ವಿಕಿಪೀಡಿಯಗಳಿಗೆ ಲೇಖನ ಬರೆದವರಲ್ಲಿ ಉಜಿರೆ ಹಾಗೂ ಮೂಡುಬಿದಿರೆಯ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ವಿಕಿಪೀಡಿಯವು ನಡೆಯುವುದು ಮುಕ್ತ ತಂತ್ರಾಂಶದ ಮೇಲೆ. ಅದರ ತಾಂತ್ರಿಕ ಸ್ವಯಂಸೇವಕರು ಹಲವು ವರ್ಷಗಳ ಕಾಲ ಸಮಾಲೋಚನೆಗೆ ಬಳಸಿದ್ದು ಫ್ರೀನೋಡ್ ಎಂಬ ಸಂವಾದ ಜಾಲವನ್ನು.

ಹಿನ್ನೆಲೆ

ಅಂತರಜಾಲದ ಮೂಲಕ ಹಲವರು ಏಕಕಾಲದಲ್ಲಿ ಬರೆದು ಸಂವಾದಿಸುವ ಐಆರ್‌ಸಿ ವ್ಯವಸ್ಥೆಯು 1988ರಲ್ಲಿ ಫಿನ್‌ಲೆಂಡ್‌ನಲ್ಲಿ ರೂಪುಗೊಂಡಿತು. 1990ರ ದಶಕದಲ್ಲಿ ರಾಬ್ ಲೆವಿನ್ ಅವರು ಲಿನಕ್ಸ್ ಬಳಕೆದಾರರ ನೆರವಿಗಾಗಿ ಆರಂಭಿಸಿದ ಬಳಗವು 2002ರಲ್ಲಿ ಫ್ರೀನೋಡ್ ಎಂಬ ಹೆಸರು ಪಡೆಯಿತು. ಬಳಕೆದಾರರಿಂದ ಶುಲ್ಕ ಪಡೆಯುತ್ತಿರಲಿಲ್ಲ, ಸರ್ವರ್‌ಗಳು ದಾನವಾಗಿ ಬಂದವು, ನಿರ್ವಹಣೆ ಸ್ವಯಂಸೇವಕರದಾಗಿತ್ತು. 2006ರಲ್ಲಿ ಲೆವಿನ್ ಅಪಘಾತದಲ್ಲಿ ನಿಧನರಾದ ನಂತರವೂ ಸೇವೆಯು ಮುಂದುವರಿಯಿತು.

2021ರ ಬೆಳವಣಿಗೆ

2017ರಲ್ಲಿ ಜಾಲದ ಹೆಸರಿನ ಕಂಪನಿಯು ಖಾಸಗಿ ಒಡೆತನಕ್ಕೆ ಸೇರಿತು. ದೈನಂದಿನ ಕೆಲಸವು ಸ್ವಯಂಸೇವಕರಲ್ಲಿಯೇ ಉಳಿದುದರಿಂದ ಬಳಕೆದಾರರಿಗೆ ವ್ಯತ್ಯಾಸ ಕಾಣಲಿಲ್ಲ. ನಿಯಂತ್ರಣದ ವಿವಾದ ತಲೆದೋರಿ 2021ರ ಮೇ 19ರಂದು ಸ್ವಯಂಸೇವಕರು ರಾಜೀನಾಮೆ ನೀಡಿ ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ತೆರೆದರು. ಹೊಸ ಜಾಲದ ಹೆಸರನ್ನು ಪ್ರಸ್ತಾಪಿಸಿದ್ದ ನೂರಾರು ಚರ್ಚಾ ಕೊಠಡಿಗಳನ್ನು ಹಳೆಯ ಜಾಲದ ಆಡಳಿತವು ವಶಪಡಿಸಿಕೊಂಡಿತು. ಜೂನ್‌ನಲ್ಲಿ ಅಲ್ಲಿನ ಹಳೆಯ ನೋಂದಣಿ ದಾಖಲೆಗಳೇ ಇಲ್ಲವಾದವು. ವಿಕಿಮೀಡಿಯ, ಉಬುಂಟು ಮೊದಲಾದ ಸಮುದಾಯಗಳು ಹೊಸ ಜಾಲಕ್ಕೆ ತೆರಳಿದವು.

ವಿಶ್ಲೇಷಣೆ

ದುಡಿದವರು ಒಬ್ಬರು, ಹೆಸರಿನ ಹಕ್ಕು ಪಡೆದವರು ಮತ್ತೊಬ್ಬರು ಎಂಬುದೇ ಬಿಕ್ಕಟ್ಟಿನ ಮೂಲ. ತಂತ್ರಾಂಶವು ಮುಕ್ತವಾಗಿದ್ದುದರಿಂದಲೂ ಜನರ ಒಗ್ಗಟ್ಟು ಉಳಿದಿದ್ದುದರಿಂದಲೂ ಕೆಲವೇ ದಿನಗಳಲ್ಲಿ ಮರಳಿ ಕಟ್ಟಲು ಸಾಧ್ಯವಾಯಿತು. ಆದರೆ ಹಳೆಯ ಹೆಸರು ಮರಳಿ ದೊರೆಯಲಿಲ್ಲ. ಈ ಅನುಭವದಿಂದಲೇ ಲಿಬೆರಾ ಚಾಟ್ ಸ್ವೀಡನ್‌ನಲ್ಲಿ ಲಾಭರಹಿತ ಸಂಘವಾಗಿ ನೋಂದಣಿಗೊಂಡಿತು.

ಸಂಘ ನೋಂದಣಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

1. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ಸಂಘ ನೋಂದಾಯಿಸಲು ಕನಿಷ್ಠ 7 ಮಂದಿ ಅಗತ್ಯ.
2. ಬ್ಯಾಂಕ್ ಖಾತೆ, ಆಸ್ತಿ ಹಾಗೂ ಜಾಲತಾಣದ ಹೆಸರು ವ್ಯಕ್ತಿಯ ಹೆಸರಿನಲ್ಲಿರದೆ ಸಂಘದ ಹೆಸರಿನಲ್ಲಿರುವುದು ಕ್ಷೇಮ.
3. ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪತ್ರಗಳನ್ನು ಪ್ರತಿ ವರ್ಷ ನೋಂದಣಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು.
4. ಸದಸ್ಯರ ಪಟ್ಟಿ ಮತ್ತು ನಡವಳಿ ಪುಸ್ತಕದ ಪ್ರತಿಗಳನ್ನು ಒಬ್ಬರಿಗಿಂತ ಹೆಚ್ಚು ಪದಾಧಿಕಾರಿಗಳು ಇಟ್ಟುಕೊಳ್ಳುವುದು ಸೂಕ್ತ.