ಟಿಕೆಟ್ ಇಲ್ಲ, ವಯಸ್ಸಿನ ಮಿತಿನೂ ಇಲ್ಲ

ಬೆಂಗಳೂರಿನಲ್ಲಿ ವೀಕೆಂಡ್‌ಗೆ ಲೈವ್ ಮ್ಯೂಸಿಕ್ ಕೇಳಬೇಕು ಅಂದ್ರೆ ಮೊದಲು ಆ್ಯಪ್‌ನಲ್ಲಿ ಟಿಕೆಟ್ ರೇಟ್ ನೋಡ್ತೀವಿ. ಎಷ್ಟೋ ಸಲ ಜಾಗ ಪಬ್ ಆಗಿರುತ್ತೆ. ಹತ್ತು ವರ್ಷದ ತಮ್ಮನನ್ನಾಗಲಿ ಎಪ್ಪತ್ತರ ಅಜ್ಜಿಯನ್ನಾಗಲಿ ಕರ್ಕೊಂಡು ಹೋಗುವ ಹಾಗಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂರುವ ಸಂಗೀತದ ಜಾಗ ಹೊಸದಲ್ಲ. ಮಠದ ಅಂಗಳ, ಗುಡಿ ಕಟ್ಟೆ, ಅಮಾವಾಸ್ಯೆಯ ರಾತ್ರಿ, ತತ್ವಪದದ ಭಜನೆ. ಇದಕ್ಕೆ ಅರಮನೆಯ ಆಶ್ರಯವೂ ಬೇಕಿರಲಿಲ್ಲ, ಸ್ಪಾನ್ಸರ್ ಕೂಡ ಬೇಕಿರಲಿಲ್ಲ.

ಈ ಪರಂಪರೆಯ ದೊಡ್ಡ ಹೆಸರು ಕಡಕೋಳ ಮಡಿವಾಳಪ್ಪ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆ ನಿಂತವರು. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ ಆ ಊರು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಿದ್ದಾರೆ, ಖೈನೂರ ಕೃಷ್ಣಪ್ಪ ಇದ್ದಾರೆ. ಜಾತಿ, ಧರ್ಮ ಕೇಳದೆ ಜನ ಸೇರಿದ ಜಾಗ ಅದು. ಅವರೆಲ್ಲ ಕೇಳುಗರಾಗಿಯಷ್ಟೇ ಉಳಿಯದೆ ತಾವೇ ಪದ ಕಟ್ಟಿದರು.

ಭಜನೆ ನಡೆಯುವ ರೀತಿಯಲ್ಲೇ ಒಂದು ಜಾಣತನ ಇದೆ. ಮುಂದಾಳು ಒಂದು ಸಾಲು ಹಾಡ್ತಾನೆ, ಉಳಿದವರು ಅದನ್ನೇ ತಿರುಗಿ ಹಾಡ್ತಾರೆ. ಏನೂ ಬರದವನೂ ಮೊದಲ ದಿನವೇ ಹಿಮ್ಮೇಳಕ್ಕೆ ಸೇರಬಹುದು. ಚಿಕ್ಕವರ ಕೈಗೆ ಮೊದಲು ತಾಳ, ಆಮೇಲೆ ದಮ್ಮಡಿ, ಏಕತಾರಿ. ಆಡಿಷನ್ ಇಲ್ಲ, ಫೀಸ್ ಇಲ್ಲ. ಓದು ಬಾರದವರ ನೆನಪಿನಲ್ಲೂ ರಾತ್ರಿಯಿಡೀ ಹಾಡುವಷ್ಟು ಪದ ಉಳಿದದ್ದು ಹೀಗೆ.

ಈಗಿನ ಪ್ರಶ್ನೆ, ಆ ಹಿಮ್ಮೇಳದಲ್ಲಿ ಯಾರಿದ್ದಾರೆ? ನಮ್ಮ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬೈ ಸೇರಿದ್ದೇವೆ. ಊರಲ್ಲಿ ಹಾಡುವ ಅಜ್ಜಂದಿರು ಉಳಿದಿದ್ದಾರೆ, ತಿರುಗಿ ಹಾಡುವವರು ಕಡಿಮೆಯಾಗಿದ್ದಾರೆ.

ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಸಂಪುಟಗಳಾಗಿ ತಂದಿದೆ, ಅದು ದೊಡ್ಡ ಕೆಲಸ. ಆದರೆ ಪುಸ್ತಕದಲ್ಲಿ ಪದ ಸಿಗುತ್ತದೆ, ಧಾಟಿ ಸಿಗುವುದಿಲ್ಲ. ಒಂದೇ ಪದವನ್ನು ಪಕ್ಕದ ಊರಿನವರು ಬೇರೆ ಧಾಟಿಯಲ್ಲಿ ಹಾಡಿದರೆ ಎರಡೂ ಉಳಿಯಬೇಕಲ್ಲ?

ಹಾಗಾಗಿ ಮುಂದಿನ ಸಲ ಊರಿಗೆ ಹೋಗುವಾಗ ಅಮಾವಾಸ್ಯೆ ಯಾವತ್ತು ಅಂತ ನೋಡ್ಕೊಳ್ಳಿ. ಹಾಡುವವರನ್ನು ಕೇಳಿ, ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಪಲ್ಲವಿ ಮಾತ್ರ ಹಿಡಿದು ಸ್ಟೇಟಸ್‌ಗೆ ಹಾಕಬೇಡಿ, ಕೊನೆ ನುಡಿವರೆಗೂ ಬಿಡಿ. ಪದ ಯಾರ ಪರಂಪರೆಯದು ಅಂತ ಹೇಳುವ ಅಂಕಿತ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ.

ಒಂದೆರಡು ಪದ ರೆಕಾರ್ಡ್ ಆದ ಮೇಲೆ ಫೋನ್ ಕಿಸೆಗೆ ಹಾಕಿ. ಯಾರೋ ಒಬ್ಬರು ನಿಮ್ಮ ಕೈಗೆ ತಾಳ ಕೊಡ್ತಾರೆ. ಬೇಡ ಅನ್ನಬ್ಯಾಡ್ರಿ.