ಮಹಾಮಾರಿಯೂ ಆಸ್ಪತ್ರೆಯ ಬಿಲ್ಲೂ

ಬೆಂಗಳೂರು ನಗರವು ಕೋವಿಡ್ ಮಹಾಮಾರಿಯ ಬಾಯಿಂದ ಬಿಡಿಸಿಕೊಂಡು ವರ್ಷಗಳು ಕಳೆದುವು. ಜಾಗತಿಕ ತುರ್ತು ಪರಿಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ನೆಯ ಇಸವಿ ಮೇ 5ರಂದು ಸಾರಿದುದು ವಾಚಕರಿಗೆ ತಿಳಿದೇ ಇದೆ. ಆಸ್ಪತ್ರೆಗಳ ಬಾಗಿಲಲ್ಲಿ ಈಗ ಆಂಬುಲೆನ್ಸುಗಳ ಸಾಲಿಲ್ಲ. ಆದರೆ ಆ ಕಾಲದ ಔಷಧೋಪಚಾರದ ವೆಚ್ಚವನ್ನು ಯಾರು ತೆತ್ತರು, ಉಪಚಾರವಿಲ್ಲದೆ ಯಾರು ಮನೆಯಲ್ಲಿ ಉಳಿದರು ಎಂಬ ವಿಚಾರವು ನೋಡನೋಡುತ್ತಿದ್ದಂತೆಯೇ ಮರೆವಿಗೆ ಸಲ್ಲುತ್ತಿರುವುದು ನಮಗೆ ಸರಿಯೆಂದು ತೋರುವುದಿಲ್ಲ.

ರೋಗವು ಹೆಚ್ಚಿದರೆ ಆಸ್ಪತ್ರೆಗೆ ಹೋಗುವವರೂ ಹೆಚ್ಚುವರೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ನಡೆದುದು ಇದಕ್ಕೆ ವಿಪರೀತ. 2020ರ ಮಾರ್ಚಿಯಿಂದ ಮೇವರೆಗೆ ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಹೊಸ ರೋಗಿಗಳ ನೋಂದಣಿಯು ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ನೂರಕ್ಕೆ 54ರಷ್ಟು ಇಳಿಯಿತು. ದೊಡ್ಡ ಶಸ್ತ್ರಚಿಕಿತ್ಸೆಗಳು ನೂರಕ್ಕೆ 49ರಷ್ಟು ಕಡಿಮೆಯಾದುವು. ಹೃದಯಾಘಾತಕ್ಕಾಗಿ ಆಸ್ಪತ್ರೆ ಸೇರಿದವರ ಸಂಖ್ಯೆಯೂ ಮೂರರಲ್ಲೊಂದು ಪಾಲಿನಷ್ಟು ಕುಗ್ಗಿತು. 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಸರಕಾರದ ದಾಖಲೆಗೆ ಬಂದಿದ್ದರೆ 2020ರಲ್ಲಿ ಬಂದವರು 18 ಲಕ್ಷ ಮಾತ್ರ. ಉಳಿದ ಆರು ಲಕ್ಷ ಮಂದಿ ಗುಣಹೊಂದಿದರೆ? ಕ್ಷಯವು ಹಾಗೆ ಒಂದು ವರ್ಷದಲ್ಲಿ ತಾನಾಗಿ ಓಡಿಹೋಗುವ ಜಾಡ್ಯವಲ್ಲ. ಅವರು ಕೆಮ್ಮುತ್ತ ಮನೆಯಲ್ಲಿದ್ದರು; ಮನೆಯವರಿಗೂ ಹಂಚಿದರು.

ನಗರದ ಬಡವರಿಗೆ ಈ ಕಷ್ಟವು ಇಮ್ಮಡಿಯಾಯಿತು. ವಿಕ್ಟೋರಿಯಾ, ಬೌರಿಂಗ್ ಮುಂತಾದ ಸರಕಾರೀ ಆಸ್ಪತ್ರೆಗಳನ್ನು ಕೋವಿಡ್ ರೋಗಿಗಳಿಗಾಗಿ ತೆಗೆದಿರಿಸಲಾಯಿತು. ಅದು ಅಗತ್ಯವಾಗಿದ್ದಿತು, ಒಪ್ಪುತ್ತೇವೆ. ಆದರೆ ಕಾಲು ಮುರಿದ ಕೂಲಿಕಾರನೂ ಸಕ್ಕರೆ ಕಾಯಿಲೆಯ ಮುದುಕಿಯೂ ಎಲ್ಲಿಗೆ ಹೋಗಬೇಕಾಗಿದ್ದಿತು? ಖಾಸಗಿ ಆಸ್ಪತ್ರೆಗೆ ಹೋಗಬೇಕು, ಇಲ್ಲವೆ ಮನೆಯಲ್ಲಿ ಬಿದ್ದಿರಬೇಕು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಪಟ್ಟಣವಾಸಿಯೊಬ್ಬನು ಸರಕಾರೀ ಆಸ್ಪತ್ರೆ ಸೇರಿದರೆ ಆಗುತ್ತಿದ್ದ ಸರಾಸರಿ ಖರ್ಚು 4,837 ರೂಪಾಯಿ. ಖಾಸಗಿಯಲ್ಲಿ 38,822 ರೂಪಾಯಿ. ಸರಕಾರೀ ಬಾಗಿಲು ಮುಚ್ಚಿದೊಡನೆ ಬಡವನು ದಾಟಬೇಕಾಗಿದ್ದ ಅಂತರವು ಇಷ್ಟು.

ದರಗಳ ವಿಚಾರದಲ್ಲಿ ಸರಕಾರವು ಸುಮ್ಮನೆ ಕುಳಿತಿರಲಿಲ್ಲವೆಂಬುದು ನಿಜ. 2020ರ ಜೂನ್ ತಿಂಗಳಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಮಿತಿ ಗೊತ್ತುಮಾಡಿತು. ಸರಕಾರವು ಕಳುಹಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರಿನೊಡನೆ 10,000. ತಾನಾಗಿ ಹೋಗಿ ಹಣ ತೆರುವವನಿಗೆ ಕ್ರಮವಾಗಿ 10,000 ಮತ್ತು 25,000. ಮಂಚ ಅದೇ, ಯಂತ್ರ ಅದೇ, ವೈದ್ಯರೂ ಅವರೇ! ಸರಕಾರದ ಚೀಟಿ ದೊರೆಯದವನು ಮಾತ್ರ ಎರಡೂವರೆ ಪಾಲಿನವರೆಗೆ ಕೊಡತಕ್ಕದ್ದು. ತಿಂಗಳಿಗೆ ಇಪ್ಪತ್ತೈದು ಸಾವಿರ ಸಂಬಳದ ಗುಮಾಸ್ತನು ಒಂದು ದಿನದ ಉಸಿರಿಗೆ ಒಂದು ತಿಂಗಳ ದುಡಿಮೆಯನ್ನು ತೆರಬೇಕಾಯಿತೆಂದರೆ ಅದನ್ನು ಮಿತಿಯೆಂದು ಕರೆಯುವುದು ಹೇಗೆ? 2021ರ ಏಪ್ರಿಲಿನಲ್ಲಿ ನಗರದ ಹೊಸ ಸೋಂಕಿತರು ದಿನಕ್ಕೆ ಇಪ್ಪತ್ತು ಸಾವಿರವನ್ನು ಮೀರಿದಾಗ ಈ ಚೀಟಿಯೂ ದುರ್ಲಭವಾಯಿತು. ರೆಮ್‌ಡೆಸಿವಿರ್ ಔಷಧವು ಕಾಳಸಂತೆಗೆ ಇಳಿಯಿತು. ಒಡವೆಯಂಗಡಿಗಳ ಗಿರವಿ ಪುಸ್ತಕಗಳನ್ನು ತೆರೆದು ನೋಡಿದವರಿದ್ದರೆ ಆ ತಿಂಗಳುಗಳ ನಿಜವಾದ ಆಯವ್ಯಯ ಪತ್ರವು ಅಲ್ಲಿ ಕಂಡೀತು.

ಅಧಿಕಾರಿ ವರ್ಗದವರ ಇನ್ನೊಂದು ಭ್ರಮೆಯನ್ನೂ ಹೇಳದೆ ವಿಧಿಯಿಲ್ಲ. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 10,100 ಹಾಸಿಗೆಗಳ ಆರೈಕೆ ಕೇಂದ್ರವೆಂದು 2020ರಲ್ಲಿ ಬಹಳ ಪ್ರಚಾರವಾಯಿತು. ಅಲ್ಲಿದ್ದುದು ಲಘು ಲಕ್ಷಣದವರಿಗಾಗಿ ಹಾಕಿದ ಮಂಚಗಳು. ಸೆಪ್ಟೆಂಬರಿನಲ್ಲಿ ಅದನ್ನು ಮುಚ್ಚಲಾಯಿತು. ಮರುವರ್ಷ ಜನರಿಗೆ ಬೇಕಾದುದು ಮಂಚವಲ್ಲ, ಆಮ್ಲಜನಕ. ಮೇ 2021ರಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಮಂದಿ ಅಸುನೀಗಿದರು. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕವನ್ನು ಕೊಡಬೇಕೆಂದು ಹೈಕೋರ್ಟು ಕೇಂದ್ರ ಸರಕಾರಕ್ಕೆ ಅಪ್ಪಣೆಮಾಡಬೇಕಾಯಿತು.

ಮೂಲದೋಷವು ಇನ್ನೂ ಕೆಳಗಿದೆ. ಐವತ್ತು ಸಾವಿರ ಜನರಿಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ನಿಯಮ. 2011ರ ಜನಗಣತಿಯಂತೆ ಪಾಲಿಕೆಯ ಜನಸಂಖ್ಯೆಯು ಸುಮಾರು 84 ಲಕ್ಷ. ಆ ಹಳೆಯ ಲೆಕ್ಕಕ್ಕೇ 168 ಕೇಂದ್ರಗಳು ಬೇಕು. ಮಹಾಮಾರಿ ಬಂದಾಗ ಇದ್ದುವು ಸುಮಾರು 140. ನೆರೆಯ ಚಿಕ್ಕ ದವಾಖಾನೆಯಿಲ್ಲದ ಊರಿನಲ್ಲಿ ಕೆಮ್ಮು ಬಂದವನೂ ದೊಡ್ಡಾಸ್ಪತ್ರೆಯ ಬಾಗಿಲನ್ನೇ ತಟ್ಟುವನು. 1898ರ ಪ್ಲೇಗಿನ ಭಯವು ಕಿಕ್ಕಿರಿದ ಪೇಟೆಯ ಜನರನ್ನು ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳತ್ತ ಕರೆದೊಯ್ದಿತು. ಈ ಬಾರಿ ನಗರಕ್ಕೆ ದೊರೆತದ್ದು ವಾರ್ಡಿಗೊಂದರಂತೆ 2023ರಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’. ಉದ್ದೇಶವು ಪ್ರಶಂಸನೀಯವೇ. ಆದರೆ ಆರಂಭದಲ್ಲಿ ಗೊತ್ತುಮಾಡಿದ ವೇಳೆಯು ಬೆಳಿಗ್ಗೆ 9ರಿಂದ ಸಂಜೆ 4-30. ದಿನಗೂಲಿಯವನು ಆ ಹೊತ್ತಿನಲ್ಲಿ ಪುಕ್ಕಟೆ ಔಷಧ ಪಡೆಯಬೇಕಾದರೆ ಒಂದು ದಿನದ ಕೂಲಿಯನ್ನು ಬಿಡಬೇಕು.

ಜನರು ಕೈಯಿಂದ ತೆರುವ ಪಾಲು 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ನೂರಕ್ಕೆ 64.2 ಇದ್ದದ್ದು 2021-22ರಲ್ಲಿ 39.4ಕ್ಕೆ ಇಳಿಯಿತೆಂದು ಕೇಂದ್ರದವರು ಸಂತೋಷಪಡುತ್ತಾರೆ. ಸರಕಾರದ ವೆಚ್ಚವು ರಾಷ್ಟ್ರೋತ್ಪನ್ನದ ನೂರಕ್ಕೆ 1.15ರಿಂದ 1.84ಕ್ಕೆ ಏರಿದುದೂ ದಿಟ. ಆದರೆ ಆ ವರ್ಷವು ಲಸಿಕೆಯ ಮತ್ತು ಸೋಂಕಿನ ವರ್ಷ, ಸಾಮಾನ್ಯ ವರ್ಷವಲ್ಲ. ಮೇಲಾಗಿ, ಹಣವಿಲ್ಲದೆ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟವನ ಖರ್ಚು ಸೊನ್ನೆಯೆಂದೇ ಲೆಕ್ಕಕ್ಕೆ ಬರುತ್ತದೆ! 2025ರ ವೇಳೆಗೆ ನೂರಕ್ಕೆ 2.5 ಎಂದು 2017ರ ಆರೋಗ್ಯ ನೀತಿಯಲ್ಲಿ ಬರೆದ ಗುರಿಯನ್ನು ಯಾರೂ ಬಾಯಿಬಿಟ್ಟು ನೆನೆಯುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ಒಡೆಯಿತು. ಪ್ರತಿಯೊಂದು ಪಾಲಿಕೆಯೂ ತನ್ನ ಆಯವ್ಯಯದಲ್ಲಿ ಚಿಕ್ಕ ದವಾಖಾನೆಗಳಿಗೆ ಎಷ್ಟು, ಅಲ್ಲಿಯ ವೈದ್ಯರಿಗೂ ದಾದಿಯರಿಗೂ ಎಷ್ಟು, ಆಮ್ಲಜನಕದ ಸಂಗ್ರಹಕ್ಕೆ ಎಷ್ಟು ಎಂಬುದನ್ನು ರಸ್ತೆ-ಸೇತುವೆಗಳ ಬಾಬಿನಲ್ಲಿ ಬೆರಸದೆ ಬೇರೆಯಾಗಿ ತೋರಿಸಲಿ. ದವಾಖಾನೆಗಳು ರಾತ್ರಿ ಎಂಟರವರೆಗೆ ತೆರೆದಿರಲಿ. ಮುಂದೆ ಸೋಂಕು ಬಂದಾಗ ಯಾವ ಸರಕಾರೀ ಆಸ್ಪತ್ರೆಯನ್ನು ಅದಕ್ಕೆ ಮೀಸಲಿಡುವರು, ಅಲ್ಲಿನ ಉಳಿದ ರೋಗಿಗಳನ್ನು ಯಾರ ಖರ್ಚಿನಲ್ಲಿ ಎಲ್ಲಿಗೆ ಕಳುಹಿಸುವರು ಎಂಬುದನ್ನು ಸರಕಾರವು ಈಗಲೇ ಬರೆದು ಪ್ರಕಟಿಸಬೇಕು.