ತುಂಗಭದ್ರೆಗೆ ದೊಡ್ಡ ಬೋಟು ಬೇಡ, ತೆಪ್ಪವೇ ಸಾಕು. ಆದ್ರೆ ಲೈಫ್ ಜಾಕೆಟ್ ಬೇಕು

ಹೊಸಪೇಟೆ: 2024ರಲ್ಲಿ ಸಂಚಾರ ಶುರು ಮಾಡಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಿ ಒಂದೇ ಸಲಕ್ಕೆ 7 ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಸುತ್ತಾರೆ. 2023ರಲ್ಲಿ ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ನಲ್ಲಿ ಜಾಗ ಇರೋದು ಬರೀ 36 ಜನಕ್ಕೆ. ಆದರೂ ಚಿಕ್ಕ ಹಡಗಿಗೆ ದುಡ್ಡು ಕೊಟ್ಟು ಹತ್ತುವವರಿದ್ದಾರೆ. ಕಾರಣ ಸರಳ: ದಡ ಹತ್ತಿರ ಕಾಣುತ್ತೆ, ಸಣ್ಣ ಊರಲ್ಲೂ ಇಳಿಯಬಹುದು, ಗದ್ದಲ ಇರಲ್ಲ.

ಈ ಮೂರೂ ನಮ್ಮ ತೆಪ್ಪದಲ್ಲಿ ಮೊದಲಿಂದಲೇ ಇವೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ದುಂಡು ದೋಣಿಯಲ್ಲಿ 15–20 ಜನ ಹೊಳೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಆಗ ಹೊರಗೆ ಚರ್ಮದ ಹೊದಿಕೆ ಇತ್ತು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಮಾತ್ರ ಅದೇ.

ದೊಡ್ಡ ಬೋಟು ತಂದರೆ ಏನಾಗುತ್ತೆ? ಹಂಪಿ ಹತ್ತಿರ ಹೊಳೆ ತುಂಬಾ ಬಂಡೆ. ಬೇಸಿಗೆಯಲ್ಲಿ ನೀರು ಕಮ್ಮಿ. ತಳ ಚಪ್ಪಟೆ ಇರೋ ತೆಪ್ಪ ಹೋಗುವ ಕಡೆ ಬೋಟು ಹೋಗಲ್ಲ. ಜೆಟ್ಟಿ, ಕಾಂಕ್ರೀಟು ಅಂತ ಹೊರಟರೆ 1986ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗದಲ್ಲಿ ತಕರಾರು ತಪ್ಪಿದ್ದಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದದ್ದನ್ನು ಯಾರೂ ಮರೆತಿಲ್ಲ.

ವ್ಯಾಪಾರಿಗಳ ಲೆಕ್ಕ ಬೇರೆಯೇ ಇದೆ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೊರಡುವವರು ನೀರಿನ ಬಾಟಲಿ ಕೊಳ್ತಾರೆ, ಅಷ್ಟೆ. ತೆಪ್ಪ ಹತ್ತಿ ಚಕ್ರತೀರ್ಥ, ಕೋದಂಡರಾಮ ದೇವಸ್ಥಾನದ ಕಡೆ ನಿಧಾನಕ್ಕೆ ನೋಡುವವರು ರಾತ್ರಿ ಉಳಿದರೆ ಹೊಸಪೇಟೆಯ ಲಾಡ್ಜಿಗೂ ಖಾನಾವಳಿಗೂ ವ್ಯಾಪಾರ. ಮರುದಿನ ಸಂಡೂರಿಗೆ ಹೋದರೆ ಅಲ್ಲಿನ ಲಂಬಾಣಿ ಕಸೂತಿಗೂ ಗಿರಾಕಿ ಸಿಗ್ತಾರೆ.

ಆದರೆ ಒಂದು ತೆಪ್ಪ ಮಗುಚಿದರೆ ಇಡೀ ಸೀಸನ್ ಹೋಯ್ತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟು ಕೊಚ್ಚಿಹೋಗಿದ್ದು ಹೇಳಿ ಕೇಳಿ ಆದದ್ದಲ್ಲ. ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗುತ್ತೆ, ತೆಪ್ಪ ಯಾವ ಲೆಕ್ಕ?

ಆಗಬೇಕಾದ ಕೆಲಸ ಕೋಟಿಗಟ್ಟಲೆ ಖರ್ಚಿನದ್ದಲ್ಲ. ಪ್ರತಿ ತೆಪ್ಪಕ್ಕೆ ನಂಬರು, ಇಷ್ಟೇ ಜನ ಅನ್ನೋ ಮಿತಿ, ಹತ್ತಿದವರಿಗೆಲ್ಲ ಲೈಫ್ ಜಾಕೆಟ್. ಘಾಟಿನಲ್ಲಿ ಕನ್ನಡದಲ್ಲಿ ದರದ ಬೋರ್ಡು. ನೀರು ಬಿಡುವ ಸುದ್ದಿ ಡ್ಯಾಂನಿಂದ ನೇರವಾಗಿ ತೆಪ್ಪದವರ ಮೊಬೈಲಿಗೆ. ನೀರು ಬಿಟ್ಟು ತೆಪ್ಪ ನಿಂತ ದಿನಗಳಿಗೆ ಅವರ ಮನೆ ನಡೆಯೋಕೆ ಏನು ದಾರಿ ಅನ್ನೋದನ್ನೂ ಆಡಳಿತ ಯೋಚಿಸಬೇಕು. ಹೊಟ್ಟೆಪಾಡು ಕಾಡಿದರೆ ತುಂಬಿದ ಹೊಳೆಗೂ ತೆಪ್ಪ ಇಳಿಯುತ್ತೆ.